ಹಳೇ ಬಾವಿ ಮುಚ್ಚೋ ಮುಂಚೆ, ನಮ್ಮ ಬೇಸಿಗೆ ರಜೆ ಬಗ್ಗೆ ಒಂದು ಮಾತು



ಹೋದ ಭಾನುವಾರ ನಮ್ಮ ತೋಟದ ಹಳೇ ಬಾವಿ ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದೆ. "ನಾವು ಈಜು ಕಲಿತ ಬಾವಿ. ಅಂಥಾ ಬೇಸಿಗೆ ರಜೆ ಈಗಿನ ಮಕ್ಕಳಿಗೆ ಎಲ್ಲಿ ಸಿಗಬೇಕು" ಅಂತ. ಕೊಬ್ಬರಿ ರೇಟು, ಸುಳಿ ಕೊಳೆ, ಡ್ರಿಪ್ ಪೈಪಿನ ಬಗ್ಗೆ ಎಷ್ಟು ಬರೆದ್ರೂ ಇಷ್ಟು ಜನ ಓದಿರಲಿಲ್ಲ. ಸುತ್ತಮುತ್ತಲ ಊರಿನವರೆಲ್ಲ ತಮ್ಮ ತಮ್ಮ ಬಾವಿ, ಮಾವಿನ ಮರ, ಚಿನ್ನಿದಾಂಡು ನೆನಪು ಮಾಡಿಕೊಂಡ್ರು. ನನಗೂ ಖುಷಿಯಾಯ್ತು.

ಅವತ್ತು ರಾತ್ರಿ ಅಕ್ಕ ಫೋನ್ ಮಾಡಿದ್ಲು.

"ಚೆನ್ನಾಗಿ ಬರ್ದಿದೀಯ ಕಣಪ್ಪ. ನೀನು ಆ ಬಾವಿಲಿ ಈಜು ಕಲ್ತೆ, ಸರಿ. ನಾನು ಅದೇ ಬಾವಿ ನೀರು ಹೊತ್ತೆ. ನೀವು ಹುಡುಗ್ರು ಬಿದ್ದು ಕದಡೋ ಮುಂಚೆ ನೀರು ತರಬೇಕು ಅಂತ ಅವ್ವ ನನ್ನ ನಾಲ್ಕು ಗಂಟೆಗೇ ಎಬ್ಬಿಸ್ತಿದ್ಲು. ಅದುನ್ನೂ ಒಂದು ಸಾಲು ಬರೀಬೋದಿತ್ತು."

ಬೈಯೋ ದನಿಯಲ್ಲಿ ಹೇಳಲಿಲ್ಲ, ನಗ್ತಾನೇ ಹೇಳಿದ್ಲು. ಆಮೇಲೆ ಮಳೆ ಬಂತಾ, ಹಸು ಕರು ಹಾಕ್ತಾ ಅಂತ ಬೇರೆ ಮಾತಿಗೆ ಹೋದ್ಲು. ಆದ್ರೆ ನನಗೆ ಆ ಮಾತು ತಲೆಯಿಂದ ಹೋಗಲಿಲ್ಲ. ಐವತ್ತು ದಾಟಿದ ಮೇಲೆ, ದಿನಾ ಆ ಬಾವಿ ಪಕ್ಕವೇ ಓಡಾಡೋ ನನಗೆ, ಅಕ್ಕ ನಾಲ್ಕು ಗಂಟೆಗೆ ಎದ್ದು ಹೋಗ್ತಿದ್ಲು ಅನ್ನೋದೇ ಮರೆತುಹೋಗಿತ್ತು. ಮರೆತಿದ್ದೆ ಅಂದ್ರೂ ತಪ್ಪೇ. ಆಗ ನಾನು ನಿದ್ದೆ ಮಾಡ್ತಿದ್ದೆ, ನೋಡಿಯೇ ಇರಲಿಲ್ಲ.

ಇದನ್ನ ಬರೆಯೋಕೆ ಇನ್ನೊಂದು ಕಾರಣ ಇದೆ. ಆ ಬಾವಿ ಮುಚ್ಚಿಸಬೇಕು ಅಂತ ನನ್ನ ತಮ್ಮ ಎರಡು ವರ್ಷದಿಂದ ಹೇಳ್ತಿದ್ದಾನೆ. ಅವನ ಮಗನಿಗೆ 6 ವರ್ಷ. ಬಾವಿಗೆ ಕಟ್ಟೆ ಒಂದು ಕಡೆ ಕುಸಿದಿದೆ, ಸುತ್ತ ಲಂಟಾನ ಬೆಳೆದು ಬಾಯಿ ಎಲ್ಲಿದೆ ಅಂತ ಕಾಣೋದಿಲ್ಲ. ಬಾವಿ, ಅದರ ಸುತ್ತಲಿನ ಮಣ್ಣಿನ ದಿಬ್ಬ ಎಲ್ಲ ಸೇರಿ 5 ಗುಂಟೆ ಜಾಗ. ಮಟ್ಟ ಮಾಡಿದ್ರೆ 30 ಅಡಿ ಅಂತರದಲ್ಲಿ 5 ತೆಂಗಿನ ಸಸಿ ನೆಡಬಹುದು. ಅವನ ಲೆಕ್ಕದಲ್ಲಿ ತಪ್ಪೇನಿಲ್ಲ. ನಾನು ಮಾತ್ರ ಇಷ್ಟು ದಿನ "ನಾವು ಈಜಿದ ಬಾವಿ ಕಣೋ" ಅಂತ ಒಂದೇ ಮಾತು ಹೇಳ್ಕೊಂಡು ತಡೀತಾ ಬಂದೆ. ಅಕ್ಕನ ಫೋನ್ ಆದ ಮೇಲೆ ಗೊತ್ತಾಯ್ತು, ನನ್ನ ವಾದದಲ್ಲಿ ಬರೀ ನೆನಪಿತ್ತು, ಅದೂ ಅರ್ಧ ನೆನಪು. ಅಷ್ಟನ್ನ ಇಟ್ಕೊಂಡು ಒಂದು ಬಾವಿ ಉಳಿಸೋಕೆ ಆಗಲ್ಲ.

ಮೊದಲು ಸಿಹಿ ಭಾಗವನ್ನೇ ಹೇಳ್ತೀನಿ. ಅದು ಸುಳ್ಳಲ್ಲ.

ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಪಾಸು-ಫೇಲು ಓದಿ ಹೇಳೋರು. ಅವತ್ತಿಂದ ಮೇ ಕೊನೆವರೆಗೆ ರಜ. 1978ರಿಂದ 84ರವರೆಗಿನ ರಜೆಗಳು ನನಗೆ ಚೆನ್ನಾಗಿ ನೆನಪಿವೆ. ಬಿಸಿಲೇರೋವರೆಗೆ ಚಿನ್ನಿದಾಂಡು, ಗೋಲಿ, ಬುಗುರಿ. ಬಿಸಿಲು ಏರಿದ ಮೇಲೆ ಗುಂಡುತೋಪಿನ ಹುಣಸೆ ಮರದಲ್ಲಿ ಮರಕೋತಿ. ಮಧ್ಯಾಹ್ನ ಬಾವಿ. ತಾತ ತೋಡಿಸಿದ ಬಾವಿ ಅದು, 25 ಅಡಿ ಅಗಲ, 40 ಅಡಿ ಆಳ, ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲು. ಮೊದಲ ವರ್ಷ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಇಳಿಸಿದ್ರು. ಎರಡನೇ ವರ್ಷ ಬುರುಡೆ ಬಿಚ್ಚಿದ್ರು. ಮೂರನೇ ವರ್ಷ ಕಟ್ಟೆ ಮೇಲಿಂದ ಹಾರಿದ್ದೆ. ಬಾವಿ ಮೇಲೆ ಬಾಗಿದ್ದ ಈಚಲ ಮರದಲ್ಲಿ ಗೀಜಗನ ಗೂಡು ನೇತಾಡ್ತಿದ್ವು, ನಾವು ಹಾರಿದ ಸದ್ದಿಗೆ ಹಕ್ಕಿಗಳೆಲ್ಲ ಒಟ್ಟಿಗೆ ಹೊರಗೆ ಬರೋವು.

ತಿನ್ನೋಕೆ ದುಡ್ಡು ಬೇಕಿರಲಿಲ್ಲ. ಮಾವಿನಕಾಯಿಗೆ ಉಪ್ಪು-ಖಾರ, ಬೇಲಿ ಮೇಲಿನ ಕಾರೆ ಹಣ್ಣು, ಹುರಿದ ಹುಣಸೆ ಬೀಜ, ಮೇ ಕೊನೆಗೆ ಈಚಲ ಹಣ್ಣು. ದುಡ್ಡು ಬೇಕಾಗ್ತಿದ್ದದ್ದು ಐಸ್‌ಕ್ಯಾಂಡಿಗೆ ಮಾತ್ರ. ಸೈಕಲ್ ಮೇಲೆ ಡಬ್ಬ ಇಟ್ಕೊಂಡು ಬರ್ತಿದ್ದ ಐಸಿನವನು ತೆಂಗಿನಕಾಯಿ ಕೊಟ್ರೂ ಐಸ್ ಕೊಡೋನು. ಅಟ್ಟದ ಮೇಲಿಂದ ಕೊಬ್ಬರಿಗೆ ಇಟ್ಟ ಕಾಯಿ ಎಷ್ಟು ಇಳಿದ್ವು ಅನ್ನೋ ಲೆಕ್ಕ ಅಪ್ಪನಿಗೆ ಕೊನೆವರೆಗೂ ಸಿಗಲಿಲ್ಲ.

ಕೆಲಸಾನೂ ಇತ್ತು. ಹುಣಸೆ ಹಣ್ಣು ಕುಟ್ಟೋಕೆ, ಬೀಜ ಬಿಡಿಸೋಕೆ ಮನೆ ಮಂದಿಯೆಲ್ಲ ಜಗಲಿ ಮೇಲೆ ಕೂರ್ತಿದ್ವಿ. ಕೆರೆ ಒಣಗಿದ ಮೇಲೆ ಗೋಡು ಹೊಡೆಯೋ ಕೆಲಸ. ಅಪ್ಪ, ಚಿಕ್ಕಪ್ಪ ಗಾಡಿ ತುಂಬೋರು, ನಾವು ಮೂಕಿ ಹತ್ರ ಕೂತು ಎತ್ತು ಹೊಡೆಯೋದು. ಆ ಗೋಡು ಬಿದ್ದ ಹೊಲದಲ್ಲಿ ಮೂರು ವರ್ಷ ರಾಗಿ ಬೇರೆ ಥರಾನೇ ಬರೋದು. ಭರಣಿ ಮಳೆ ಬಿದ್ದ ಮಾರನೇ ದಿನ ಹೊಲದ ತುಂಬ ಆರು, ಹಿಂದೆ ಹೆಸರು, ಅಲಸಂದೆ ಬಿತ್ತನೆ. ಅಷ್ಟು ಹೊತ್ತಿಗೆ ರಜ ಮುಗೀತಾ ಬಂತು ಅಂತ ನಮಗೆ ಗೊತ್ತಾಗೋದು.

ಇಷ್ಟು ಹೇಳಿ ನಾನು ಹೋದ ವಾರ ನಿಲ್ಲಿಸಿಬಿಟ್ಟಿದ್ದೆ. ಈಗ ಉಳಿದದ್ದು.

ಅಕ್ಕ ನನಗಿಂತ 6 ವರ್ಷ ದೊಡ್ಡವಳು. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ರು. ಹಾಗಾಗಿ ಅವಳಿಗೆ ರಜ ಅನ್ನೋದು ಶುರುವಾಗೋ ಪ್ರಶ್ನೆನೇ ಇರಲಿಲ್ಲ. ಊರೊಳಗಿನ ಸೇದೋ ಬಾವಿ ಯುಗಾದಿ ಕಳೆಯೋ ಹೊತ್ತಿಗೆ ತಳ ಕಾಣೋದು. ಆಮೇಲೆ ಮಳೆ ಬರೋವರೆಗೆ ಕುಡಿಯೋಕೆ, ಅಡುಗೆಗೆ, ಮನೇಲಿ ಕಟ್ಟಿದ ಎಮ್ಮೆಗೆ ಎಲ್ಲದಕ್ಕೂ ತೋಟದ ಬಾವಿ ನೀರೇ ಗತಿ. ಮನೆಯಿಂದ ತೋಟಕ್ಕೆ ಮುಕ್ಕಾಲು ಮೈಲಿ. ತಲೆ ಮೇಲೆ ಒಂದು ಬಿಂದಿಗೆ, ಸೊಂಟದಲ್ಲಿ ಒಂದು. ಅವ್ವ, ಅಕ್ಕ ಸೇರಿ ಬೆಳಕು ಹರಿಯೋದ್ರೊಳಗೆ ಮೂರು ಸಲ, ಸಂಜೆ ಮತ್ತೆ ಮೂರು ಸಲ. ಮೆಟ್ಟಿಲಿಳಿದು ತುಂಬಿಕೊಂಡು ಮೇಲೆ ಹತ್ತಬೇಕು. ಬೇಸಿಗೆ ಏರಿದ ಹಾಗೆ ನೀರು ಇಳಿಯುತ್ತೆ, ಇಳಿಯೋ ಮೆಟ್ಟಿಲು ಜಾಸ್ತಿ ಆಗುತ್ತೆ.

ಮಧ್ಯಾಹ್ನ ನಾವು ಹತ್ತು ಹನ್ನೆರಡು ಹುಡುಗ್ರು ಬಿದ್ದು ಕದಡಿದ ನೀರು ಸಂಜೆ ಹೊತ್ತಿಗೆ ಪೂರ್ತಿ ತಿಳಿಯಾಗ್ತಿರಲಿಲ್ಲ. ಅದನ್ನೇ ಬಟ್ಟೆಯಲ್ಲಿ ಸೋಸಿ ತುಂಬ್ತಿದ್ವಿ ಅಂತ ಅಕ್ಕ ಹೇಳಿದ್ಲು. "ಹುಡುಗ್ರಿಗೆ ಬಾವಿಗೆ ಬೀಳಬೇಡಿ ಅಂತ ಯಾಕೆ ಹೇಳಲಿಲ್ಲ" ಅಂತ ಕೇಳಿದೆ. "ಹುಡುಗ್ರಿಗೆ ಯಾರು ಹೇಳ್ತಿದ್ರು ಆಗ" ಅಂದ್ಲು. ಅವಳಿಗೂ ಈಜೋ ಆಸೆ ಇತ್ತಂತೆ. ಒಂದು ಸಲ ಬೆಳಗಿನ ಜಾವ ಕೊನೇ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟು ಆಡಿಸ್ತಿದ್ದಾಗ ಅವ್ವ ನೋಡಿ ಬೆನ್ನಿಗೆ ಗುದ್ದಿದ್ಲಂತೆ. ಇದನ್ನ ನಲವತ್ತು ವರ್ಷದ ಮೇಲೆ ನಾನು ಮೊದಲ ಸಲ ಕೇಳಿದ್ದು.

ಇನ್ನೊಂದು ವಿಷಯ. ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೀತೀನಿ. ನಮ್ಮ ಜೊತೆ ಶಾಲೆಯಲ್ಲಿ ಒಂದೇ ಬೆಂಚಲ್ಲಿ ಕೂರ್ತಿದ್ದ ಕೇರಿ ಹುಡುಗ್ರು ನಮ್ಮ ಬಾವಿಗೆ ಇಳಿಯೋ ಹಾಗಿರಲಿಲ್ಲ. ಅವರು ಕಟ್ಟೆ ಆಚೆ ನಿಂತು ನೋಡ್ತಿದ್ರು. ಯಾರೂ ಬೋರ್ಡ್ ಹಾಕಿರಲಿಲ್ಲ, ಯಾರೂ ಬೈತಾನೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಅವರು ಕೆರೆಯಲ್ಲಿ ಈಜು ಕಲಿತ್ರು, ನಮಗಿಂತ ಚೆನ್ನಾಗಿ ಕಲಿತ್ರು. ಆದ್ರೆ "ನಮ್ಮೂರ ಹುಡುಗರೆಲ್ಲ ಒಟ್ಟಿಗೆ ಬೆಳೆದ ಬಾವಿ" ಅಂತ ನಾನು ಬರೆದ್ರೆ ಅದನ್ನ ಓದಿ ಅವರು ಏನಂದ್ಕೋಬೇಕು?

ಸಾವೂ ಇತ್ತು. 1982ರಲ್ಲಿ ಪಕ್ಕದ ತೋಟದ ಬಾವಿಯಲ್ಲಿ ನಮ್ಮ ಕ್ಲಾಸಿನ ಹುಡುಗನೊಬ್ಬ ಹೋದ. ಮಧ್ಯಾಹ್ನ ಒಬ್ಬನೇ ಇಳಿದಿದ್ದ. ಒಂದು ವಾರ ಯಾರ ಮನೆಯಲ್ಲೂ ಮಕ್ಕಳನ್ನ ಹೊರಗೆ ಬಿಡಲಿಲ್ಲ, ಎಂಟನೇ ದಿನ ಮತ್ತೆ ಶುರು. ಅವನ ತಾಯಿಗೆ ಎಂಟನೇ ದಿನ ಹೇಗಿತ್ತು ಅಂತ ನಾವು ಯೋಚಿಸೋ ವಯಸ್ಸಲ್ಲ ಅದು. ಈಗ ಯೋಚಿಸೋ ವಯಸ್ಸು. ನನ್ನ ತಮ್ಮ ಮಗನ ಬಗ್ಗೆ ಹೆದರೋದು ಸುಮ್ಮಸುಮ್ಮನೆ ಅಲ್ಲ.

ಹಾಗಾದ್ರೆ ಆ ಬೇಸಿಗೆಗಳು ಸುಳ್ಳಾ? ಅಲ್ಲ. ನಮಗೆ ಸಿಕ್ಕಿದ್ದು ನಿಜವಾದ ಸುಖವೇ. ಆದ್ರೆ ಅದು ಸರಳವಾಗಿತ್ತು ಅನ್ನೋ ಮಾತನ್ನ ನಾನು ಒಪ್ಪಲ್ಲ. ನಮ್ಮ ಪಾಲಿಗೆ ಸರಳವಾಗಿತ್ತು. ಅದಕ್ಕೆ ಬೇಕಾದ ಕಷ್ಟದ ಕೆಲಸ ಬೇರೆಯವರು ಮಾಡ್ತಿದ್ರು. ನೀರು ಅಕ್ಕ ಹೊತ್ಲು. ನೆರಳು ನಮ್ಮ ಅಜ್ಜಂದಿರ ಕಾಲದವರು ನೆಟ್ಟದ್ದು. ಬಾವಿ ತಾತ ತೋಡಿಸಿದ್ದು, ತೋಡಿದ್ದು ಒಡ್ಡರು. ಇನ್ನು ಕಾವಲು. "ನಮ್ಮನ್ನ ಯಾರೂ ಕಾಯ್ತಿರಲಿಲ್ಲ, ಬೆಳಿಗ್ಗೆ ಹೋದ್ರೆ ಸಂಜೆ ಮನೆಗೆ" ಅಂತ ಎಲ್ಲರೂ ಬರೀತೀವಿ. ಯೋಚನೆ ಮಾಡಿ ನೋಡಿ. ಬಾವಿ ಹತ್ರ ಪಂಪ್‌ಸೆಟ್ ಕಾಯೋರು ಒಬ್ಬರು, ಬಟ್ಟೆ ಒಗೆಯೋರು ಇಬ್ಬರು, ಮಡಿಗೆ ನೀರು ತಿರುಗಿಸೋರು ಒಬ್ಬರು ಯಾವಾಗ್ಲೂ ಇರ್ತಿದ್ರು. ಯಾವ ಹೊಲಕ್ಕೆ ಹೋದ್ರೂ "ಏಯ್ ಯಾರ ಮಗನ್ಲಾ ನೀನು" ಅನ್ನೋ ಒಂದು ದನಿ ಇತ್ತು. ನಮ್ಮನ್ನ ಊರೇ ಕಾಯ್ತಿತ್ತು. ಆ ಹುಡುಗ ಹೋದದ್ದು ಯಾರೂ ಇಲ್ಲದ ಹೊತ್ತಲ್ಲಿ.

ಈಗ ನಮ್ಮ ತೋಟಗಳನ್ನ ನೋಡಿ. ಡ್ರಿಪ್ ಇದೆ, ಮೋಟಾರು ಮನೆಯಿಂದಲೇ ಮೊಬೈಲಲ್ಲಿ ಆನ್ ಆಗುತ್ತೆ. ಕಾಯಿ ಕೀಳೋ ದಿನ ಬಿಟ್ರೆ ತೋಟದಲ್ಲಿ ಮನುಷ್ಯರ ದನಿ ಕೇಳಲ್ಲ. ಅಂಥ ತೋಟಕ್ಕೆ ಮಗುವನ್ನ ಒಂಟಿಯಾಗಿ ಬಿಡಿ ಅಂತ ನಾನು ಹೇಳಲಾರೆ.

ಬೇಸಿಗೆ ರಜೆ ಮಾತು ಬಂದಾಗೆಲ್ಲ ನಾವು ಬೈಯೋದು ಮೊಬೈಲನ್ನ. ನಾನೂ ಬೈದಿದ್ದೀನಿ. ಆದ್ರೆ ಮೊಬೈಲ್ ಬರೋದಕ್ಕೆ ಎಷ್ಟೋ ಮುಂಚೆ ಆ ಬೇಸಿಗೆ ಹೋಗಿತ್ತು. ಕಳೆದವರು ಬೇರೆ ಯಾರೂ ಅಲ್ಲ, ನಾವು.

ನಮ್ಮ ಮನೆ ಲೆಕ್ಕವನ್ನೇ ಹೇಳ್ತೀನಿ, ಬೇರೆಯವರದ್ದು ಯಾಕೆ. ಕೆರೆ ಕೆಳಗೆ ಮಾತ್ರ ಇದ್ದ ತೆಂಗನ್ನ ನಾವು ಬೆದ್ದಲಿಗೂ ಹತ್ತಿಸಿದ್ವಿ. ಬಾವಿ ನೀರು ಸಾಲಲಿಲ್ಲ. 1988ರಲ್ಲಿ ಮೊದಲ ಬೋರು, 160 ಅಡಿಗೆ ನೀರು. ಬಂಗಾರಪ್ಪನವರ ಕಾಲದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಆಯ್ತು. ಆಮೇಲೆ ಮೋಟಾರು ಆಫ್ ಮಾಡೋ ಅಭ್ಯಾಸವೇ ತಪ್ಪಿತು. 1996ರಲ್ಲಿ ಎರಡನೇ ಬೋರು, 320 ಅಡಿ. 2016ರಲ್ಲಿ ಕೊರೆಸಿದ್ದು 850 ಅಡಿ. ಮೊದಲ ಬೋರು ಹಾಕಿ ಹತ್ತು ವರ್ಷ ಆಗೋದ್ರೊಳಗೆ ಬಾವಿಯಲ್ಲಿ ಬೇಸಿಗೆ ನೀರು ನಿಂತುಹೋಯ್ತು, 2002ರ ಬರದ ಮೇಲೆ ಮಳೆಗಾಲದಲ್ಲೂ ಇಲ್ಲ.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರೋದೇ. ನಮ್ಮ ಸೀಮೆಯ ನೆಲದಲ್ಲಿ ಮೇಲಿನ ನಲವತ್ತು ಐವತ್ತು ಅಡಿ ಕೊಳೆತ ಕಲ್ಲಿನ ಪದರ. ಅದು ಮಳೆ ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತೆ. ತೆರೆದ ಬಾವಿಗೆ ಬರ್ತಿದ್ದದ್ದು ಆ ನೀರು. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಲ್ಲಿ ಬಿರುಕು. ಬೋರು ಎಳೆಯೋದು ಬಿರುಕಿನ ನೀರು. ಕೆಳಗಿಂದ ಎಳೆದ ಹಾಗೆ ಮೇಲಿನ ಪದರದ ನೀರು ಬಿರುಕಿಗೆ ಇಳಿಯುತ್ತೆ, ಬಾವಿ ಒಣಗುತ್ತೆ. ನಾವು ಬಾವಿ ಒಣಗಿತು ಅಂತ ಬೋರು ಹಾಕಿದ್ವಿ ಅಂತೀವಿ. ಎಷ್ಟೋ ಕಡೆ ಬೋರು ಹಾಕಿದ್ದರಿಂದ ಬಾವಿ ಒಣಗಿತು.

ಒಂದು ಮಾತು ಮಾತ್ರ ಇಲ್ಲಿ ಸೇರಿಸಬೇಕು. ಊರೊಳಗೆ ಬೋರಿಂಗು ಬಂದ ದಿನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ಲು. ಆಮೇಲೆ ಮನೆ ಬಾಗಿಲಿಗೆ ನಲ್ಲಿ ಬಂತು. ಅವತ್ತಿಂದ ನಮ್ಮ ಮನೇಲಿ ಯಾವ ಹೆಣ್ಣುಮಗಳೂ ಬೆಳಗಿನ ಜಾವ ಕತ್ತಲಲ್ಲಿ ತೋಟಕ್ಕೆ ಹೋಗಲಿಲ್ಲ. ಹಾಗಾಗಿ "ಬೋರಿಂದಲೇ ಎಲ್ಲ ಹಾಳಾಯ್ತು, ಹಳೇ ಕಾಲವೇ ಚೆಂದ" ಅಂತ ನಾನು ಬರೆದ್ರೆ ಅಕ್ಕ ಮತ್ತೆ ಫೋನ್ ಮಾಡ್ತಾಳೆ. ಕುಡಿಯೋ ನೀರಿಗೆ ಬಂದ ಬೋರು ಒಂದು, ಬೆದ್ದಲಿಗೆಲ್ಲ ತೆಂಗು ಹಾಕೋಕೆ ಕೊರೆದ ಬೋರು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ನೀರಿನ ಮಾತಾಯ್ತು. ನೆರಳಿನ ಕಥೆಯೂ ಅಷ್ಟೇ. ಗುಂಡುತೋಪಿನ ಹುಣಸೆ ಮರಗಳಲ್ಲಿ ಈಗ ಉಳಿದಿರೋದು ಎರಡು. ಉಳಿದ ಜಾಗ ಸ್ವಲ್ಪ ಒತ್ತುವರಿ, ಸ್ವಲ್ಪ ಕಟ್ಟಡ. ಒತ್ತುವರಿ ಮಾಡಿದವರೂ ನಮ್ಮ ನಡುವಿನವರೇ, ನೋಡ್ಕೊಂಡು ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಮಾವಿನ ಮರ ಹೂ ಬಿಟ್ಟಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡ್ತೀವಿ. ಆಮೇಲೆ ನಮ್ಮ ಮಕ್ಕಳೇ ಒಂದು ಕಲ್ಲು ಹೊಡೆಯೋ ಹಾಗಿಲ್ಲ. ಕೆರೆಯಲ್ಲಿ ಗೋಡು ಹೊಡೆಯೋ ಗಾಡಿ ಹೋಗಿ ಮಣ್ಣು ಹೊಡೆಯೋ ಟಿಪ್ಪರ್ ಬಂತು. ಸಮನಾಗಿ ಇಳಿಜಾರಿದ್ದ ಕೆರೆ ಅಂಗಳದಲ್ಲಿ ಈಗ ಮನೆ ಮುಳುಗೋ ಅಷ್ಟು ಗುಂಡಿ. ನೀರು ಬಂದಾಗ ಯಾವ ಗುಂಡಿ ಎಲ್ಲಿದೆ ಅಂತ ದೊಡ್ಡವರಿಗೇ ಗೊತ್ತಾಗಲ್ಲ.

ಇಷ್ಟೆಲ್ಲ ತೆಗೆದುಹಾಕಿ, ಮನೆಯೊಳಗೆ ಮೊಬೈಲ್ ಹಿಡಿದು ಕೂತ ಹುಡುಗನಿಗೆ "ಹೊರಗೆ ಹೋಗಿ ಆಡೋ" ಅಂತೀವಿ. ಯಾವ ಹೊರಗೆ?

ಈಗ ಬಾವಿ ವಿಷಯಕ್ಕೆ ಬರ್ತೀನಿ.

2022ರ ಮಳೆ ನಿಮಗೆಲ್ಲ ನೆನಪಿದೆ. ಎಷ್ಟೋ ವರ್ಷದ ಮೇಲೆ ನಮ್ಮ ಕೆರೆ ಕೋಡಿ ಬಿತ್ತು. ಆ ವರ್ಷ ದಸರಾ ಕಳೆದ ಮೇಲೆ ಒಂದು ದಿನ ಲಂಟಾನ ಸರಿಸಿ ಬಾವಿ ನೋಡ್ತೀನಿ, ಅರ್ಧದವರೆಗೆ ನೀರು. ಇಪ್ಪತ್ತು ವರ್ಷ ಸತ್ತಿದೆ ಅಂದ್ಕೊಂಡಿದ್ದ ಬಾವಿ. ಮರು ವರ್ಷವೇ ಬರ ಬಂತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆ ಬೇಸಿಗೆಯಲ್ಲಿ ನಮ್ಮ 850 ಅಡಿ ಬೋರು ಎರಡು ಗಂಟೆ ನೀರು ಕೊಟ್ಟು ಗಾಳಿ ಬಿಡೋಕೆ ಶುರು ಮಾಡ್ತು. ಬಾವಿಯಲ್ಲಿ ಮಾತ್ರ ಮಾರ್ಚ್ ಕೊನೆವರೆಗೆ ತಳದಲ್ಲಿ ನೀರಿತ್ತು. ಎಳೆ ಸಸಿಗಳಿಗೆ ಅದರಿಂದಲೇ ಕೊಟ್ಟೆ.

ಅಂದ್ರೆ ಬಾವಿ ಸತ್ತಿಲ್ಲ. ಅದಕ್ಕೆ ನೀರು ಹೋಗೋ ದಾರಿ ನಾವು ಕಟ್ಟಿದ್ದೀವಿ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ರೆ ಸುಮಾರು 1 ಲಕ್ಷ ಲೀಟರ್ ನೀರು. ಜೋರು ಮಳೆಯಲ್ಲಿ ಅದರಲ್ಲಿ ಎಷ್ಟೋ ಪಾಲು ಬದು ಒಡೆದು ರಸ್ತೆ ಚರಂಡಿಗೆ ಹೋಗುತ್ತೆ. ಅದರ ಕಾಲುಭಾಗ ಬಾವಿಗೆ ತಿರುಗಿಸಿದ್ರೂ ಒಂದೊಂದು ಮಳೆಗೆ ಎಕರೆಗೆ 25 ಸಾವಿರ ಲೀಟರ್. ಮುಚ್ಚಿದ ಬಾವಿ ಮೇಲೆ ನೆಟ್ಟ 5 ತೆಂಗಿನ ಮರಕ್ಕೂ ನೀರು ಬೇಕಲ್ಲ, ಆ ನೀರು ಎಲ್ಲಿಂದ ತರ್ತೀಯಪ್ಪ ಅಂತ ತಮ್ಮನಿಗೆ ಕೇಳಿದೆ. ಈಜಿನ ನೆನಪು ಹೇಳದೆ, ಈ ಲೆಕ್ಕ ಇಟ್ಟು ಮಾತಾಡಿದ್ದು ಇದೇ ಮೊದಲು. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಮೊದ್ಲು ನನ್ನ ಮಗ ಬೀಳದಂಗೆ ಮಾಡು, ಆಮೇಲೆ ನೀರಿನ ಮಾತು" ಅಂದ. ಅದೂ ಸರಿ.

ಈಗ ನಾವಿಬ್ಬರು ಒಪ್ಪಿಕೊಂಡಿರೋದು ಇಷ್ಟು. ನಿಮ್ಮ ತೋಟದಲ್ಲೂ ಇಂಥ ಬಾವಿ ಇದ್ರೆ, ಮುಚ್ಚೋಕೆ ಜೆಸಿಬಿ ಕರೆಸೋ ಮುಂಚೆ ಒಂದು ಸಲ ಯೋಚಿಸಿ ಅಂತ ಬರೀತಿದ್ದೀನಿ.

ಮೊದಲು ಲಂಟಾನ ಪೂರ್ತಿ ಕೀಳಿಸೋದು. ಕಾಣದ ಬಾವಿ ಅಪಾಯ, ಕಾಣೋ ಬಾವಿ ಅಷ್ಟಲ್ಲ. ಸುತ್ತ ನಾಲ್ಕು ಅಡಿ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಮೆಟ್ಟಿಲ ಕಡೆ ಬಾಗಿಲು, ಅದಕ್ಕೆ ಬೀಗ. ಬೀಗದ ಕೈ ತಮ್ಮನ ಹತ್ರ. ಖರ್ಚು ಇಬ್ಬರದೂ ಸಮ.

ಎರಡನೇದು ಮಳೆ ನೀರು. ನೇರ ಬಾವಿಗೆ ಬಿಟ್ರೆ ಎರಡು ವರ್ಷಕ್ಕೆ ಹೂಳು ತುಂಬುತ್ತೆ. ಮೇಲ್ಗಡೆ ಎರಡು ಗುಂಡಿ ಬೇಕು. ಮೊದಲನೇದರಲ್ಲಿ ನೀರು ನಿಂತು ಮಣ್ಣು ತಳಕ್ಕೆ ಕೂರಬೇಕು. ಎರಡನೇದರಲ್ಲಿ ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು. ಅಲ್ಲಿಂದ ಪೈಪಲ್ಲಿ ಬಾವಿಗೆ. ಕೊಟ್ಟಿಗೆ ನೀರು, ಔಷಧಿ ಹೊಡೆದ ಮಡಿಯ ನೀರು ಇದಕ್ಕೆ ಸೇರಬಾರದು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮೇಲಿನ ಮರಳು ತೆಗೆದು ತೊಳೆದು ಹಾಕಬೇಕು, ಇಲ್ದಿದ್ರೆ ಕಟ್ಟಿಕೊಳ್ಳುತ್ತೆ. ಹೂಳು ಎತ್ತೋ ಕ್ರೇನಿನವರನ್ನ ವಿಚಾರಿಸಿದ್ದೀನಿ, ರೇಟು ಗೊತ್ತಾದ ಮೇಲೆ ಬರೀತೀನಿ. ಇಬ್ಬರು ಮೂವರು ಒಟ್ಟಿಗೆ ಕರೆಸಿದ್ರೆ ಬಾಡಿಗೆ ಕಮ್ಮಿ ಬೀಳುತ್ತೆ.

ಮೂರನೇದು ಮಕ್ಕಳು. ನೀರು ನಿಂತ ವರ್ಷ ಈಜು ಕಲಿಸೋದು. ಒಂದು ಮಗುವಿಗೆ ಒಬ್ಬರು ದೊಡ್ಡವರು, ಸೊಂಟಕ್ಕೆ ಹಗ್ಗ, ಭಾನುವಾರ ಬೆಳಿಗ್ಗೆ ಮಾತ್ರ, ಉಳಿದ ದಿನ ಬೀಗ. ಹೆಣ್ಣುಮಕ್ಕಳಿಗೂ ಕಲಿಸೋದು. ಯಾವ ಕೇರಿ ಮಗು ಬಂದ್ರೂ ಕಲಿಸೋದು. ಈಜು ಬಂದ ಮಗುವಿಗೂ ಕೆರೆ ಗುಂಡಿ ಅಪಾಯವೇ, ಆದ್ರೆ ಬಾರದ ಮಗುವಿಗೆ ಅಪಾಯ ಇನ್ನೂ ಜಾಸ್ತಿ. ನಮ್ಮ ಕಾಲುವೆ, ಕೃಷಿಹೊಂಡ, ಕೆರೆಗಳ ನಡುವೆ ಬೆಳೆಯೋ ಮಕ್ಕಳಿಗೆ ಈಜು ಅನ್ನೋದು ಆಟಕ್ಕಿಂತ ಹೆಚ್ಚಿನದು. ಕೃಷಿಹೊಂಡದ ಮಾತು ಬಂತಲ್ಲ, ಪ್ಲಾಸ್ಟಿಕ್ ಹೊದಿಸಿದ ಹೊಂಡ ಬಾವಿಗಿಂತ ಕೆಟ್ಟದ್ದು. ಜಾರುತ್ತೆ, ಹಿಡಿಯೋಕೆ ಏನೂ ಸಿಗಲ್ಲ. ಹೊಂಡ ಇರೋರು ತಂತಿಬೇಲಿ ಹಾಕಿ, ಒಳಗೆ ಒಂದು ಗಂಟು ಹಾಕಿದ ಹಗ್ಗ ಇಳಿಬಿಡಿ. ಇದನ್ನ ನಾಳೆಗೆ ಇಡಬೇಡಿ.

ನಾಲ್ಕನೇದು ಚಿಕ್ಕದು. ನಮ್ಮ ಆರು ಮಾವಿನ ಮರದಲ್ಲಿ ಒಂದನ್ನ ಈ ವರ್ಷ ಗುತ್ತಿಗೆಗೆ ಕೊಟ್ಟಿಲ್ಲ. ಮಕ್ಕಳದ್ದು ಅಂತ ಬಿಟ್ಟಿದ್ದೀನಿ. ವ್ಯಾಪಾರಿ ನಕ್ಕ. ನಗಲಿ. ಹುಣಸೆ ಬಿಡಿಸೋಕೆ ಕೂರೋ ಮಕ್ಕಳಿಗೆ ತೂಕದ ಲೆಕ್ಕದಲ್ಲಿ ದುಡ್ಡು ಅವರ ಕೈಗೇ ಕೊಟ್ಟೆ. ಬಲವಂತ ಇಲ್ಲ, ಬೇಜಾರಾದ್ರೆ ಎದ್ದು ಹೋಗ್ತಾರೆ. ಮೊದಲ ದಿನ ಮೊಬೈಲ್ ಪಕ್ಕದಲ್ಲಿಟ್ಟುಕೊಂಡೇ ಕೂತಿದ್ರು. ಮೂರನೇ ದಿನವೂ ಪಕ್ಕದಲ್ಲೇ ಇತ್ತು, ಆದ್ರೆ ಯಾರ ರಾಶಿ ಜಾಸ್ತಿ ಅನ್ನೋ ಜಗಳ ಜೋರಾಗಿತ್ತು.

ನಮ್ಮ ಬೇಸಿಗೆಯನ್ನ ಹಾಗೇ ಎತ್ತಿ ಈಗಿನ ಮಕ್ಕಳ ಕೈಗೆ ಕೊಡೋಕೆ ಆಗಲ್ಲ, ಕೊಡಲೂಬಾರದು. ಅದರಲ್ಲಿ ಅಕ್ಕನ ಬಿಂದಿಗೆ ಇದೆ, ಕಟ್ಟೆ ಆಚೆ ನಿಂತ ಹುಡುಗ್ರಿದ್ದಾರೆ, 82ರ ಆ ಮಧ್ಯಾಹ್ನ ಇದೆ. ಕೊಡಬಹುದಾದದ್ದು ನೀರು, ನೆರಳು, ನೋಡ್ಕೊಳ್ಳೋಕೆ ಒಬ್ಬ ದೊಡ್ಡವರು. ಈ ಮೂರೂ ಕೊಡೋಕೆ ಸರ್ಕಾರದ ಯೋಜನೆ ಬೇಕಿಲ್ಲ, ಹಳೇ ಕಾಲ ವಾಪಸ್ ಬರಬೇಕಾಗೂ ಇಲ್ಲ. ನಮ್ಮ ತೋಟದಲ್ಲೇ ಆಗುತ್ತೆ.

ಇದನ್ನ ಹಾಕೋ ಮುಂಚೆ ಅಕ್ಕನಿಗೆ ಫೋನಲ್ಲಿ ಪೂರ್ತಿ ಓದಿ ಹೇಳಿದೆ. ಅವಳ ಬಗ್ಗೆ ಬರೆದದ್ದಕ್ಕೆ ಒಪ್ಪಿಗೆ ಬೇಕಿತ್ತು. ಎಲ್ಲ ಕೇಳಿ, "ಆರು ಸಲ ಅಂತ ಬರ್ದಿದೀಯ, ಊರಮ್ಮನ ಹಬ್ಬದಲ್ಲಿ ನೆಂಟ್ರು ಬಂದಾಗ ಹತ್ತು ಸಲ" ಅಂದ್ಲು. ತಿದ್ದಲೇನು ಅಂದೆ. ಬೇಡ, ಕೆಳಗೆ ಸೇರಿಸು ಅಂದ್ಲು. ಸೇರಿಸಿದ್ದೀನಿ. ಅವಳ ಮೊಮ್ಮಗಳಿಗೆ 9 ವರ್ಷ, ಬೆಂಗಳೂರಲ್ಲಿರೋದು. ಮುಂದಿನ ರಜೆಗೆ ಕಳಿಸ್ತೀನಿ, ಹಗ್ಗ ಗಟ್ಟಿಯಾಗಿರೋದು ತಂದಿಡು ಅಂದಿದ್ದಾಳೆ.

ಮಳೆ ಚೆನ್ನಾಗಾದ್ರೆ ನೀರು ನಿಲ್ಲುತ್ತೆ. ಆಗದಿದ್ರೆ ಇನ್ನೊಂದು ವರ್ಷ ಕಾಯೋದು. ಈ ಮುಂಗಾರು, ಹಿಂಗಾರು ಎರಡೂ ನೋಡೋಣ, ಅಲ್ಲೀವರೆಗೆ ಮುಚ್ಚೋ ಮಾತು ಬೇಡ ಅಂತ ತಮ್ಮ ಒಪ್ಪಿದ್ದಾನೆ.

ನಿಮ್ಮ ತೋಟದ ಬಾವಿ ಏನಾಗಿದೆ? ಮುಚ್ಚಿದ್ರೆ ಯಾಕೆ ಮುಚ್ಚಿದ್ರಿ, ಉಳಿಸಿದ್ರೆ ಹೇಗೆ ಉಳಿಸಿದ್ರಿ, ಬರೀರಿ. ಹಾಗೇ ನಿಮ್ಮ ಬೇಸಿಗೆ ರಜೆ ನೆನಪು ಬರೆಯೋ ಮುಂಚೆ ನಿಮ್ಮ ಅಕ್ಕನನ್ನೋ ತಂಗಿಯನ್ನೋ ಒಂದು ಸಲ ಕೇಳಿ ಬರೀರಿ.